ಒಂದು ಪಟ, ಐದು ಪಾಲು: ಆರ್ಟ್ ಆಪ್‌ಗೆ ದುಡ್ಡು ಹಾಕಬಹುದಾ?

ಅಗ್ರಹಾರದ ಮೊಮ್ಮಗ

ನಮಸ್ಕಾರ. ಸ್ವಲ್ಪ ಉದ್ದ ಇದೆ, ಕಾಫಿ ಹಿಡಿದುಕೊಂಡು ಓದಿ.

ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಈಗ ಒಂದೇ ಮಾತು. ಜೊತೆಗೆ ಕೆಲಸ ಮಾಡುವವನೊಬ್ಬ ಯಾವುದೋ ಆಪ್‌ನಲ್ಲಿ ಪೇಂಟಿಂಗ್ ಒಂದರ ಪಾಲು ಕೊಂಡಿದ್ದಾನೆ. ಹತ್ತು ಸಾವಿರ ಹಾಕಿದರೆ ದೊಡ್ಡ ಕಲಾವಿದರ ಚಿತ್ರದಲ್ಲಿ ಒಂದು ಚೂರು ನಮ್ಮ ಹೆಸರಿಗೆ. ನಾಲ್ಕೈದು ವರ್ಷ ಬಿಟ್ಟು ಕಂಪನಿಯವರು ಮಾರುತ್ತಾರೆ, ಬಂದದ್ದನ್ನು ಹಂಚುತ್ತಾರೆ. ಎಲ್ಲ ಬ್ಲಾಕ್‌ಚೈನ್ ಎಂಬ ಡಿಜಿಟಲ್ ಲೆಕ್ಕದ ಪುಸ್ತಕದಲ್ಲಿ ಇರುವುದರಿಂದ ಮೋಸಕ್ಕೆ ಜಾಗವೇ ಇಲ್ಲವಂತೆ. "ಹುಸೇನ್ ಚಿತ್ರ 118 ಕೋಟಿಗೆ ಹೋಯ್ತು, ನೀನಿನ್ನೂ ಎಫ್‌ಡಿ ಇಟ್ಕೊಂಡು ಕೂತಿದ್ದೀಯ" ಅಂತ ದಿನಾ ಚುಚ್ಚುತ್ತಾನೆ. ನಿಜ ಹೇಳಬೇಕೆಂದರೆ ನನಗೂ ಐವತ್ತು ಸಾವಿರ ಹಾಕುವ ಆಸೆ ಬಂದಿದೆ.

ಎರಡನೆಯದು ಮನೆಯ ವಿಷಯ. ತಾತನ ಮನೆ ಅಗ್ರಹಾರದಲ್ಲಿತ್ತು. ದೇವರ ಮನೆಯ ಎದುರು ಗೋಡೆಗೆ ಮೈಸೂರು ಶೈಲಿಯ ಒಂದು ಪಟ್ಟಾಭಿಷೇಕದ ಪಟ, ಸುಮಾರು ಮೂರಡಿ ಅಗಲ. ತಾತ ಹೋದ ಮೇಲೆ ಅಪ್ಪ, ಇಬ್ಬರು ಚಿಕ್ಕಪ್ಪ, ಇಬ್ಬರು ಅತ್ತೆಯರು, ಒಟ್ಟು ಐದು ಪಾಲು. ಮನೆ ಮಾರಿ ದುಡ್ಡು ಹಂಚಿಕೊಂಡರು. ಪಟ ಮಾತ್ರ ಹಂಚಲು ಆಗಲಿಲ್ಲ. ವರ್ಷಕ್ಕೊಬ್ಬರ ಮನೆಯಲ್ಲಿ ಇರಲಿ, ದಸರಾ ಮುಗಿದ ಮೇಲೆ ಬದಲಾಯಿಸೋಣ ಎಂದು ಒಪ್ಪಿಕೊಂಡರು. ಈಗ ನಾಲ್ಕನೇ ಮನೆ. ಹೋದ ಮಳೆಗಾಲ ಮುಗಿದ ಮೇಲೆ ನೋಡಿದರೆ ಸೀತೆಯ ಸೆರಗಿನ ಹತ್ತಿರ ಚಿನ್ನದ ರೇಕು ಎದ್ದಿದೆ. ಉಗುರಿನಷ್ಟು ಜಾಗ. ಹತ್ತಿರ ಹೋಗಿ ಉಸಿರು ಬಿಟ್ಟರೆ ಅಲ್ಲಾಡುತ್ತದೆ. ಯಾರ ಮನೆಯಲ್ಲಿದ್ದಾಗ ಆಯಿತು ಎಂದು ಈಗ ಜಗಳ.

ದೊಡ್ಡ ಚಿಕ್ಕಪ್ಪನಿಗೆ ತಮ್ಮ ಪಾಲಿನ ದುಡ್ಡು ಬೇಕು. ಹಾಗಾಗಿ ನನ್ನ ಪ್ರಶ್ನೆ ಎರಡು. ಆಪ್‌ಗೆ ದುಡ್ಡು ಹಾಕಲಾ? ನಮ್ಮ ಪಟವನ್ನೂ ಹಾಗೇ ಆನ್‌ಲೈನ್‌ನಲ್ಲಿ ಪಾಲು ಮಾಡಿ ಮಾರಬಹುದಾ?

ಬೋಗಾದಿ ಬೈಟ್ಸ್

ಮೊದಲ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಈ ಐಡಿಯಾ ಕೆಟ್ಟದ್ದಲ್ಲ. ಸುಮ್ನೆ ಬೈಯುವವರು ಬರುತ್ತಾರೆ, ಅದಕ್ಕೇ ಮುಂಚೆ ಬಂದೆ.

ನ್ಯೂಯಾರ್ಕಿನ ಮಾಸ್ಟರ್‌ವರ್ಕ್ಸ್ 2017ರಲ್ಲಿ ಶುರುವಾಯಿತು. ಒಂದೊಂದು ಪೇಂಟಿಂಗ್‌ಗೆ ಒಂದೊಂದು ಪುಟ್ಟ ಕಂಪನಿ ಮಾಡುತ್ತಾರೆ, ಅದರ ಕಾಗದವನ್ನು ಅಮೆರಿಕದ ಷೇರು ನಿಯಂತ್ರಕರ ಬಳಿ ಸಲ್ಲಿಸುತ್ತಾರೆ, ಆಮೇಲೆ ಷೇರು ಮಾರುತ್ತಾರೆ. 2021ರಲ್ಲಿ ಸ್ವಿಟ್ಜರ್ಲೆಂಡಿನ ಸಿಗ್ನಮ್ ಬ್ಯಾಂಕು ಪಿಕಾಸೊ 1964ರಲ್ಲಿ ಬರೆದ ಒಂದು ಹುಡುಗಿಯ ಚಿತ್ರವನ್ನು 4,000 ಟೋಕನ್, ಅಂದರೆ ಡಿಜಿಟಲ್ ಪಾಲಿನ ಚೀಟಿ, ಮಾಡಿತು. ಚಿತ್ರದ ಬೆಲೆ 40 ಲಕ್ಷ ಸ್ವಿಸ್ ಫ್ರಾಂಕ್. ಅದೇ ವರ್ಷ ಪಾರ್ಟಿಕಲ್ ಎನ್ನುವವರು ಬ್ರಿಟನ್ನಿನ ಬೀದಿ ಕಲಾವಿದ ಬ್ಯಾಂಕ್ಸಿಯ ಒಂದು ಕೃತಿಯನ್ನು ಹರಾಜಿನಲ್ಲಿ 1.29 ಕೋಟಿ ಡಾಲರಿಗೆ ಕೊಂಡು ಹತ್ತು ಸಾವಿರ ಡಿಜಿಟಲ್ ಚೌಕ ಮಾಡಿದರು. ಒಂದು ಚೌಕಕ್ಕೆ 1,500 ಡಾಲರ್.

ಮುಂಚೆ ಇಂಥದ್ದನ್ನು ಕೊಳ್ಳಲು ಅರಸರೇ ಆಗಬೇಕಿತ್ತು. ಈಗ ನಾನೂ ನೀವೂ ಬಾಗಿಲು ತಟ್ಟಬಹುದು. ನನ್ನ ಪ್ರಕಾರ ದೊಡ್ಡ ಬದಲಾವಣೆ.

ದೇವರಾಜ ಮಾರ್ಕೆಟ್ ಬಾಳೆಎಲೆ

1.29 ಕೋಟಿಯನ್ನು 1,500ರ ಹತ್ತು ಸಾವಿರ ಚೌಕ ಮಾಡಿದರೆ 1.5 ಕೋಟಿ. 21 ಲಕ್ಷ ಡಾಲರ್ ಅಲ್ಲೇ ಮೇಲೆ ಬಂತು. ಚಿತ್ರ ಇನ್ನೂ ಗೋಡೆಗೇ ಏರಿಲ್ಲ ಸ್ವಾಮಿ.

ಬೋಗಾದಿ ಬೈಟ್ಸ್

ವಿಮೆ, ಸಾಗಣೆ, ಕಾಪಾಡುವ ಖರ್ಚು ಯಾರು ಕೊಡುತ್ತಾರೆ? ಅದೆಲ್ಲ ಸೇರಿ ಅಷ್ಟು.

ಲೆಕ್ಕದ ಮೇಷ್ಟ್ರು

ಖರ್ಚು ಇರಲಿ, ತಪ್ಪಲ್ಲ. ಆದರೆ ಲೆಕ್ಕ ಮೊದಲೇ ಮಾಡಿಕೊಳ್ಳಿ. ಮಾಸ್ಟರ್‌ವರ್ಕ್ಸ್ ಹೇಳುವ ಫೀಸು ವರ್ಷಕ್ಕೆ ಒಂದೂವರೆ ಪರ್ಸೆಂಟ್, ಮಾರಿದಾಗ ಲಾಭದಲ್ಲಿ 20 ಪರ್ಸೆಂಟ್. ಇದೇ ಅಳತೆಯನ್ನು ನಿಮ್ಮ ಆಪ್‌ಗೆ ಹಾಕಿ ನೋಡೋಣ.

ಒಂದು ಕೋಟಿಗೆ ಕೊಂಡ ಚಿತ್ರ ಐದು ವರ್ಷಕ್ಕೆ ಒಂದೂವರೆ ಕೋಟಿಗೆ ಹೋಯಿತು ಎಂದಿಟ್ಟುಕೊಳ್ಳಿ. ಜಾಹೀರಾತಿನಲ್ಲಿ 50 ಪರ್ಸೆಂಟ್ ಲಾಭ ಎಂದು ಬರುತ್ತದೆ. ವರ್ಷಕ್ಕೆ ಸುಮಾರು ಎಂಟೂವರೆ ಬೀಳುತ್ತದೆ, ಚೆನ್ನಾಗಿದೆ. ಈಗ ಕಳೆಯಿರಿ. ವರ್ಷದ ಫೀಸು ಐದು ವರ್ಷಕ್ಕೆ ಏಳೂವರೆ ಲಕ್ಷ. ಮಾರಿಕೊಡುವವರಿಗೆ ಹತ್ತು ಪರ್ಸೆಂಟ್ ಎಂದರೂ 15 ಲಕ್ಷ. ಉಳಿದದ್ದು ಇಪ್ಪತ್ತೇಳೂವರೆ. ಅದರಲ್ಲಿ ಕಂಪನಿಯ ಪಾಲು ಐದೂವರೆ ಲಕ್ಷ. ಹೂಡಿದವರಿಗೆಲ್ಲ ಸೇರಿ 22 ಲಕ್ಷ. ವರ್ಷಕ್ಕೆ ನಾಲ್ಕು ಪರ್ಸೆಂಟ್ ಚಿಲ್ಲರೆ. ಆಮೇಲೆ ತೆರಿಗೆ. ನಿಮ್ಮ ಸ್ನೇಹಿತ ಯಾವ ಎಫ್‌ಡಿಯನ್ನು ಆಡಿಕೊಳ್ಳುತ್ತಿದ್ದಾನೋ ಆ ಎಫ್‌ಡಿಯೇ ಇದಕ್ಕಿಂತ ಮೇಲು. ಇದು ಚಿತ್ರದ ಬೆಲೆ ಏರಿದಾಗಿನ ಕಥೆ. ಇಳಿದರೆ?

ಇನ್ನು ಹುಸೇನರ 118 ಕೋಟಿ. ಆ ಚಿತ್ರ 'ಗ್ರಾಮ ಯಾತ್ರಾ', 1954ರದ್ದು. 2025ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ 1.375 ಕೋಟಿ ಡಾಲರಿಗೆ ಹೋಯಿತು. ಅದರಲ್ಲಿ ಕೊಂಡವರು ಹರಾಜು ಸಂಸ್ಥೆಗೆ ಕಟ್ಟುವ ಫೀಸೂ ಸೇರಿದೆ. ಅಷ್ಟೂ ಮಾರಿದವರ ಕೈಗೆ ಬರುವುದಿಲ್ಲ. ಎಲ್ಲಕ್ಕಿಂತ ಮಜಾ ಏನು ಗೊತ್ತಾ? ಅದನ್ನು ಯಾರೂ ಹೂಡಿಕೆ ಎಂದು ಇಟ್ಟುಕೊಂಡಿರಲಿಲ್ಲ. ದೆಹಲಿಯಲ್ಲಿದ್ದ ಒಬ್ಬ ವೈದ್ಯರು ಕೊಂಡು ನಾರ್ವೆಗೆ ಒಯ್ದರು, ಕೊನೆಗೆ ಓಸ್ಲೋದ ಆಸ್ಪತ್ರೆಗೆ ಬಿಟ್ಟರು. ದಶಕಗಳ ಕಾಲ ಆಸ್ಪತ್ರೆಯ ಗೋಡೆ ಮೇಲೆ ಇತ್ತು. ಎಪ್ಪತ್ತು ವರ್ಷ! ಆಪ್‌ನವರು ಹೇಳುತ್ತಿರುವುದು ನಾಲ್ಕೈದು ವರ್ಷ.

ಮಂಡ್ಯ ಆಲೆಮನೆ

ನಮ್ಮ ಕಡೆ ಪಡ್ಡೆ ಕರುವನ್ನು ಸಾಕಲು ವಾರಕ್ಕೆ, ಅಂದರೆ ಪಾಲಿಗೆ, ಕೊಡುವುದು ಇದೆ. ಕರು ಕೊಂಡವನು ಒಬ್ಬ, ಹುಲ್ಲು ಹಾಕಿ ಬೆಳೆಸುವವನು ಇನ್ನೊಬ್ಬ. ಕರು ಹಸುವಾಗಿ ಮಾರಿದ ದಿನ ಅರ್ಧರ್ಧ. ಪಾಲಿನ ಹೂಡಿಕೆ ಅಂದರೆ ನಮಗೆ ಹೊಸದಲ್ಲ ಕಣಪ್ಪ. ಆದರೆ ನೋಡಿ, ಸಾಕುವವನಿಗೆ ನಡುವೆ ಗೊಬ್ಬರ ಸಿಗುತ್ತದೆ, ಹಾಲು ಸಿಗುತ್ತದೆ. ಕೊಟ್ಟವನು ಸಂತೆಗೆ ಹೋಗುವಾಗ ದಾರಿಯಲ್ಲಿ ನಿಂತು ಹಸುವಿನ ಬೆನ್ನು ಸವರಿ ಬರಬಹುದು. ಈ ಚಿತ್ರ ಹಾಲೂ ಕೊಡುವುದಿಲ್ಲ, ಗೊಬ್ಬರವೂ ಇಲ್ಲ. ಎಲ್ಲಿ ಕಟ್ಟಿದ್ದಾರೆ ಅಂತ ಕೂಡ ಗೊತ್ತಿಲ್ಲ. ಯಾವಾಗ ಮಾರಬೇಕು ಅನ್ನುವುದೂ ಸಾಕುವವನದೇ ತೀರ್ಮಾನ. ಅಂಥ ವಾರಕ್ಕೆ ನಮ್ಮೂರಲ್ಲಿ ಯಾರೂ ಕರು ಕೊಡೋದಿಲ್ಲ.

ಸರಸ್ವತಿಪುರಂ ಟೀಚರ್

ಆಲೆಮನೆಯವರ ಮಾತು ಸರಿ. ನೋಡದೇ ಇರುವ ಚಿತ್ರದ ಮೇಲೆ ಆಸೆ ಹೇಗೆ ಹುಟ್ಟುತ್ತದೆ ಎಂದು ನನಗೆ ಅರ್ಥ ಆಗುವುದಿಲ್ಲ. ಜಗನ್ಮೋಹನ ಅರಮನೆಯಲ್ಲಿ ಹಳದಣಕರ್ ಅವರ ದೀಪ ಹಿಡಿದ ಹೆಣ್ಣಿನ ಚಿತ್ರ ಇದೆಯಲ್ಲ, ಅದಕ್ಕೆ ಮಕ್ಕಳನ್ನು ಎಷ್ಟು ಸಲ ಕರೆದುಕೊಂಡು ಹೋಗಿದ್ದೇನೋ. ಎಣ್ಣೆ ಬಣ್ಣ ಅಂದುಕೊಂಡು ನೋಡುತ್ತಾರೆ. ಜಲವರ್ಣ ಎಂದು ಹೇಳಿದ ಮೇಲೆ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾರೆ. ಬೆರಳ ಸಂದಿಯಲ್ಲಿ ಕೆಂಪು ಬೆಳಕು ಬಂದದ್ದನ್ನು ನೋಡಿ ಒಬ್ಬ ಹುಡುಗ ತನ್ನ ಕೈಯನ್ನು ಕಿಟಕಿಗೆ ಹಿಡಿದು ನೋಡಿಕೊಂಡಿದ್ದ. ಊರಿಗೆಲ್ಲ ಸೇರಿದ ಚಿತ್ರ ಅದು ಅಂತಲೇ ನನ್ನ ಲೆಕ್ಕ.

ಅಂದ ಹಾಗೆ ನಮ್ಮ ಮನೆಯಲ್ಲೂ ಒಂದು ರವಿವರ್ಮ ಇದೆ! ಲಕ್ಷ್ಮಿ. ಸೀರೆಗೆ ನಿಜವಾದ ಜರಿ ಹಚ್ಚಿದ್ದಾರೆ. ಅದಕ್ಕೆ ಎಷ್ಟು ಬರಬಹುದು?

ಬಣ್ಣದ ಡಬ್ಬಿ

ಟೀಚರ್, ಬೇಜಾರು ಮಾಡಿಕೊಳ್ಳಬೇಡಿ. ಅದು ಅಚ್ಚಿನ ಚಿತ್ರ ಇರಬೇಕು. ರವಿವರ್ಮ 1894ರಲ್ಲಿ ಮುಂಬೈಯ ಘಾಟ್‌ಕೋಪರ್‌ನಲ್ಲಿ ಪ್ರೆಸ್ ಹಾಕಿಸಿದರು. ಲಕ್ಷ್ಮಿ, ಸರಸ್ವತಿ ಎಲ್ಲ ಮನೆಮನೆಗೆ ಬಂದದ್ದು ಹಾಗೆ. ಅದರ ಮೇಲೆ ಹೆಂಗಸರು ಜರಿ, ಮಣಿ ಹಚ್ಚಿ ಅಲಂಕಾರ ಮಾಡುತ್ತಿದ್ದರು. ಹಳೆಯ ಅಚ್ಚಿಗೂ ಕೊಳ್ಳುವವರು ಇದ್ದಾರೆ, ಆದರೆ ಕೋಟಿಯ ಮಾತಲ್ಲ. ನನ್ನನ್ನು ಕೇಳಿದರೆ ಅದರಲ್ಲಿ ಬೆಲೆ ಇರುವುದು ನಿಮ್ಮ ಮನೆಯ ಯಾರೋ ಕೂತು ಹೊಲಿದ ಜರಿಗೆ. ತೆಗೆಯಬೇಡಿ.

ಮೊಮ್ಮಗ, ನಿಮ್ಮ ಪಟದ ಬಗ್ಗೆ ಓದಿ ನನಗೆ ಎದೆ ಧಸಕ್ ಎಂದಿತು. ನಾನು ಮೈಸೂರಿನ ಕಲಾ ಕಾಲೇಜು ಕಾವಾದಲ್ಲಿ ಓದಿದವಳು, ಆಮೇಲೆ ಎಂಟು ವರ್ಷ ಸಾಂಪ್ರದಾಯಿಕ ಕೆಲಸ ಕಲಿತೆ. ದಯವಿಟ್ಟು ಆ ಪಟವನ್ನು ಇನ್ನು ಮನೆ ಬದಲಾಯಿಸಬೇಡಿ.

ಯಾಕೆ ಅಂತ ಹೇಳುತ್ತೇನೆ. ಹಳೆಯ ಮೈಸೂರು ಪಟ ಎಂದರೆ ಮೂರು ನಾಲ್ಕು ಪದರ. ಕೆಳಗೆ ಮರದ ಹಲಗೆ, ಅದರ ಮೇಲೆ ಅಂಟಿಸಿದ ಕಾಗದ ಅಥವಾ ಬಟ್ಟೆ. ಹುಣಸೆ ಕಡ್ಡಿ ಸುಟ್ಟ ಇದ್ದಿಲಿನಲ್ಲಿ ಗೆರೆ. ಒಡವೆ, ಸೆರಗು, ಕಂಬ, ಕಿರೀಟಕ್ಕೆ ಗೆಸ್ಸೊ ಕೆಲಸ: ಸಫೇದದ (ಸೀಸದ ಬಿಳಿ) ಪುಡಿ, ರೇವಲ್‌ಚಿನ್ನಿ ಎಂಬ ಹಳದಿ ಮರದಂಟು, ಗೋಂದು ಸೇರಿಸಿ ಅರೆದ ಪೇಸ್ಟನ್ನು ತೆಳ್ಳಗೆ ಎತ್ತರಿಸುವುದು. ತಂಜಾವೂರಿನವರು ದಪ್ಪಗೆ ಎತ್ತರಿಸಿ ಕಲ್ಲು ಕೂರಿಸುತ್ತಾರೆ. ನಮ್ಮದು ಬೆರಳು ಆಡಿಸಿದರೆ ಮಾತ್ರ ಗೊತ್ತಾಗುವಷ್ಟು ಉಬ್ಬು. ಅದರ ಮೇಲೆ ಚಿನ್ನದ ರೇಕು.

ಈಗ ಮಳೆ ಬಂತು. ಮರ ನೀರು ಹೀರಿ ಊದುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಕಾಗದವೂ ಅಷ್ಟೇ, ಆದರೆ ಬೇರೆ ಅಳತೆಯಲ್ಲಿ. ಗೆಸ್ಸೊ ಮಾತ್ರ ಗಟ್ಟಿ, ಬಾಗುವುದಿಲ್ಲ. ಹಾಗಾಗಿ ಬಿಡುತ್ತದೆ. ಒಂದೇ ಮನೆ, ಒಂದೇ ಗೋಡೆ ಆದರೆ ಪಟ ಆ ಹವೆಗೆ ಒಗ್ಗಿಕೊಳ್ಳುತ್ತದೆ. ಅಗ್ರಹಾರದ ದಪ್ಪ ಗೋಡೆಯಿಂದ ಅಪಾರ್ಟ್‌ಮೆಂಟಿನ ಎಸಿ ರೂಮಿಗೆ, ಅಲ್ಲಿಂದ ಪಶ್ಚಿಮಕ್ಕೆ ಮುಖ ಮಾಡಿದ ಹೊರಗೋಡೆಗೆ ಒಯ್ದರೆ ಪಾಪ ಅದು ಏನು ಮಾಡಬೇಕು? ಜೊತೆಗೆ ಆಟೋದ ಕುಲುಕಾಟ. ಯಾರ ಮನೆಯಲ್ಲಿ ರೇಕು ಎದ್ದಿತು ಎಂದು ಕೇಳಬೇಡಿ. ಎಲ್ಲರ ಮನೆಯಲ್ಲೂ ಎದ್ದಿದೆ, ಕಾಣಿಸಿದ್ದು ಈಗ.

ಸದ್ಯಕ್ಕೆ ಮುಟ್ಟಬೇಡಿ, ಒರೆಸಬೇಡಿ, ಫೆವಿಕಾಲ್ ಅಂತೂ ಬೇಡವೇ ಬೇಡ. ಪಟದ ಹಿಂಭಾಗ ನೋಡಿ ಹೇಳಿ. ಹಲಗೆಯಲ್ಲಿ ಸಣ್ಣ ತೂತು, ಕೆಳಗೆ ಹಿಟ್ಟಿನಂಥ ಪುಡಿ ಏನಾದರೂ ಇದೆಯಾ?

ಅಗ್ರಹಾರದ ಮೊಮ್ಮಗ

ಈಗಷ್ಟೇ ಚಿಕ್ಕತ್ತೆ ಮನೆಗೆ ಹೋಗಿ ಬಂದೆ. ಇಬ್ಬರು ಹಿಡಿದು ಇಳಿಸಿದೆವು. ತೂತು ಇಲ್ಲ, ಪುಡಿ ಇಲ್ಲ. ಹಿಂದೆ ಹಳೆಯ ಪೇಪರ್ ಅಂಟಿಸಿದ್ದಾರೆ, ಅಂಚು ಕಂದಾಗಿ ಚೂರಾಗುತ್ತಿದೆ. ಮೂಲೆಯಲ್ಲಿ ಪೆನ್ಸಿಲಿನಲ್ಲಿ ಏನೋ ಬರೆದಿದೆ, ಹಳೆಯ ಕಾಲದ ಕೂಡುಬರಹ, ಮೋಡಿ ಅಕ್ಷರದ ಹಾಗೆ ಕಾಣುತ್ತದೆ, ಓದಲು ಆಗಲಿಲ್ಲ. ಹತ್ತಿರ ಹೋದರೆ ಕರ್ಪೂರದ ಹೊಗೆಯ ವಾಸನೆ. ತಾತನ ಮನೆ ಬಿಟ್ಟು ನಾಲ್ಕು ವರ್ಷ ಆಗಿದೆ, ವಾಸನೆ ಇನ್ನೂ ಹೋಗಿಲ್ಲ.

ದೇವರಾಜ ಮಾರ್ಕೆಟ್ ಬಾಳೆಎಲೆ

ಆಪ್ ವಿಷಯಕ್ಕೆ ಬರುತ್ತೇನೆ. ನಾನು ತಮಾಷೆ ಮಾಡುವುದಕ್ಕೆ ಕಾರಣ ಇದೆ. 2021ರಲ್ಲಿ ನಾನೂ ಒಂದಕ್ಕೆ 25,000 ಹಾಕಿದ್ದೆ. ಹೆಸರು ಹೇಳುವುದಿಲ್ಲ. ಮೊದಲ ವರ್ಷ ಪ್ರತಿ ತಿಂಗಳೂ ಮೇಲ್ ಬರುತ್ತಿತ್ತು: ನಿಮ್ಮ ಪಾಲಿನ ಮೌಲ್ಯ ಈಗ 29,000, ಈಗ 31,000. ಹಸಿರು ಬಾಣ. ನಾನು ಹೆಂಡತಿಗೆ ತೋರಿಸಿ ಮೀಸೆ ತಿರುವಿದ್ದೇ ತಿರುವಿದ್ದು. ಮಗಳ ಫೀಸು ಕಟ್ಟುವಾಗ ಮಾರೋಣ ಎಂದು 'ಪಾಲು ಮಾರಿ' ಬಟನ್ ಒತ್ತಿದೆ. ಪಟ್ಟಿಯಲ್ಲಿ ಸೇರಿತು. ಅಷ್ಟೇ. ಹನ್ನೊಂದು ತಿಂಗಳು ಕೊಳ್ಳುವವರು ಒಬ್ಬರೂ ಇಲ್ಲ. ಬೆಲೆ ಇಳಿಸಿ ಇಳಿಸಿ 14,000ಕ್ಕೆ ತಂದ ಮೇಲೆ ಯಾರೋ ಪುಣ್ಯಾತ್ಮ ತಗೊಂಡ. ಅದೇ ದಿನವೂ ಆಪ್‌ನಲ್ಲಿ ಹಸಿರು ಬಾಣ 31,000ವೇ ತೋರಿಸುತ್ತಿತ್ತು!

ಆ ಬೆಲೆ ಯಾರು ಹಾಕುತ್ತಿದ್ದರು ಎಂದು ಕೇಳಿದ್ದಕ್ಕೆ 'ನಮ್ಮ ಪರಿಣತರ ತಂಡ' ಎಂದರು.

ಬೋಗಾದಿ ಬೈಟ್ಸ್

ಅದು ಆ ಕಂಪನಿಯ ತಪ್ಪು. ಟೆಕ್ನಾಲಜಿಯ ತಪ್ಪಲ್ಲ. ಬ್ಲಾಕ್‌ಚೈನ್‌ನಲ್ಲಿ ಬರೆದದ್ದನ್ನು ಯಾರೂ ಗುಟ್ಟಾಗಿ ತಿದ್ದಲು ಆಗುವುದಿಲ್ಲ. ಯಾರು ಯಾರಿಗೆ ಯಾವಾಗ ಮಾರಿದರು ಎಂಬುದು ಎಲ್ಲರಿಗೂ ಕಾಣುತ್ತದೆ. ಕಲೆಯ ಲೋಕದಲ್ಲಿ ಅರ್ಧ ಮೋಸ ಆಗುವುದೇ ಹಳೆಯ ಕಾಗದ ಕಳೆದುಹೋಗಿರುವುದರಿಂದ.

ಬಣ್ಣದ ಡಬ್ಬಿ

ಬರೆದದ್ದನ್ನು ತಿದ್ದಲು ಆಗುವುದಿಲ್ಲ, ಒಪ್ಪಿದೆ. ಮೊದಲ ಸಲ ಬರೆಯುವಾಗಲೇ ಸುಳ್ಳು ಬರೆದರೆ? ನಕಲಿ ಚಿತ್ರವೊಂದನ್ನು ಅಸಲಿ ಎಂದು ದಾಖಲಿಸಿದರೆ ಆ ಸುಳ್ಳು ಶಾಶ್ವತವಾಗಿ, ಅಳಿಸಲಾಗದ ಹಾಗೆ ಉಳಿಯುತ್ತದೆ. ಚಿತ್ರಕ್ಕೂ ಟೋಕನ್‌ಗೂ ನಡುವೆ ದಾರ ಕಟ್ಟುವವನು ಮನುಷ್ಯನೇ ಅಲ್ವಾ. ಗೋದಾಮಿನಲ್ಲಿ ತೇವ ಬಂದು ಬಣ್ಣ ಉದುರಿದರೂ ಟೋಕನ್ ಹೊಸದಾಗೇ ಇರುತ್ತದೆ.

ಆದರೆ ಟೆಕ್ನಾಲಜಿ ಬೇಡ ಎನ್ನುವವಳಲ್ಲ ನಾನು. ನಮ್ಮ ಕೆಲಸದಲ್ಲಿ ದೊಡ್ಡ ಉಪಕಾರ ಎಂದರೆ ಒಳ್ಳೆಯ ಫೋಟೊ. ಓರೆ ಬೆಳಕು ಬಿಟ್ಟು, ವರ್ಷಕ್ಕೊಮ್ಮೆ, ಅದೇ ಕೋನದಲ್ಲಿ ತೆಗೆದರೆ ರೇಕು ಎಲ್ಲಿ ಏಳುತ್ತಿದೆ ಎಂದು ಕಣ್ಣಿಗೆ ಕಾಣುವ ಮುಂಚೆಯೇ ಗೊತ್ತಾಗುತ್ತದೆ. ಮೊಬೈಲ್ ಸಾಕು.

ಲೆಕ್ಕದ ಮೇಷ್ಟ್ರು

ಬೈಟ್ಸ್ ಅವರು ಹೇಳದೇ ಬಿಟ್ಟ ಒಂದು ಕಥೆ ಇದೆ. ಬೀಪಲ್ ಎಂಬ ಕಲಾವಿದನ ಡಿಜಿಟಲ್ ಕೃತಿ 2021ರ ಮಾರ್ಚ್‌ನಲ್ಲಿ 6.9 ಕೋಟಿ ಡಾಲರಿಗೆ ಹೋಯಿತಲ್ಲ. ಕೊಂಡವರು ಅದಕ್ಕೆ ಮುಂಚೆಯೇ ಅದೇ ಕಲಾವಿದನ ಬೇರೆ 20 ಕೃತಿಗಳನ್ನು ಒಟ್ಟು ಮಾಡಿ, ಬಿ.20 ಎಂಬ ಹೆಸರಿನಲ್ಲಿ ಒಂದು ಕೋಟಿ ಟೋಕನ್ ಮಾಡಿದ್ದರು. ಹರಾಜಿನ ಹೊತ್ತಿಗೆ ಟೋಕನ್ ಬೆಲೆ ಇಪ್ಪತ್ತು ಡಾಲರ್ ದಾಟಿತ್ತು. ಕೆಲವೇ ತಿಂಗಳಲ್ಲಿ ನೆಲ ಕಚ್ಚಿತು. ದಾಖಲೆ ಎಲ್ಲ ಪಕ್ಕಾ ಇತ್ತು, ಎಲ್ಲರಿಗೂ ಕಾಣುತ್ತಿತ್ತು. ಏನು ಪ್ರಯೋಜನ?

ನಮ್ಮ ದೇಶದ ಕಾನೂನಿಗೆ ಬನ್ನಿ. ಹಲವರ ದುಡ್ಡು ಒಟ್ಟು ಮಾಡಿ, ಲಾಭದ ಆಸೆ ತೋರಿಸಿ, ಬೇರೊಬ್ಬರು ಆಸ್ತಿ ನಿಭಾಯಿಸಿ, ಹೂಡಿದವರಿಗೆ ದಿನದ ಹಿಡಿತ ಇಲ್ಲದಿದ್ದರೆ ಅದನ್ನು ನಮ್ಮ ಷೇರುಪೇಟೆ ನಿಯಂತ್ರಕ ಸೆಬಿಯ ಕಾಯ್ದೆ ಸಾಮೂಹಿಕ ಹೂಡಿಕೆ ಯೋಜನೆ ಎನ್ನುತ್ತದೆ. ಅದಕ್ಕೆ ನೋಂದಣಿ ಬೇಕು. ಕಟ್ಟಡಗಳನ್ನು ಚೂರು ಚೂರು ಮಾರುವವರಿಗೆ 2024ರಲ್ಲಿ ಸಣ್ಣ ರೀಟ್ ಎಂಬ ಚೌಕಟ್ಟು ಬಂದಿದೆ, ಕನಿಷ್ಠ ಹೂಡಿಕೆ ಹತ್ತು ಲಕ್ಷ. ಅದು ಕಟ್ಟಡಕ್ಕೆ, ಚಿತ್ರಕ್ಕೆ ಅಲ್ಲ.

ಈ ಪಾಠವನ್ನು ನಾವು ಒಮ್ಮೆ ದುಬಾರಿಯಾಗಿ ಕಲಿತಿದ್ದೇವೆ. 2006ರಲ್ಲಿ ಮುಂಬೈನ ಒಸಿಯಾನ್ಸ್ ಆರ್ಟ್ ಫಂಡ್ ನೂರು ಕೋಟಿಗೂ ಮೇಲೆ ಎತ್ತಿತು. ಮೂರು ವರ್ಷದ ಅವಧಿ. 2008ರಲ್ಲಿ ಜಗತ್ತಿನ ಮಾರುಕಟ್ಟೆ ಬಿತ್ತು, ಚಿತ್ರ ಕೊಳ್ಳುವವರು ಮಾಯವಾದರು. 2009ರಲ್ಲಿ ದುಡ್ಡು ಹಿಂದಿರುಗಿಸುವ ಹೊತ್ತಿಗೆ ಕೈಯಲ್ಲಿ ಚಿತ್ರಗಳಿದ್ದವು, ನಗದು ಇರಲಿಲ್ಲ. ಆಗ ಆಪ್ ಇರಲಿಲ್ಲ, ಟೋಕನ್ ಇರಲಿಲ್ಲ. ಚಿತ್ರ ಬೇಕೆಂದಾಗ ಮಾರಾಟ ಆಗುವುದಿಲ್ಲ ಎಂಬ ತೊಂದರೆ ಮಾತ್ರ ಇದೇ.

ಇನ್ನೊಂದು ಒಳಗುಟ್ಟು. ಕ್ರಿಪ್ಟೋ ಥರದ ಡಿಜಿಟಲ್ ಆಸ್ತಿಯ ಲಾಭಕ್ಕೆ 2022ರ ಏಪ್ರಿಲ್‌ನಿಂದ 30 ಪರ್ಸೆಂಟ್ ತೆರಿಗೆ, ನಷ್ಟ ಆದರೆ ಬೇರೆ ಲಾಭದಲ್ಲಿ ಹೊಂದಿಸಿಕೊಳ್ಳಲೂ ಆಗದು. ಚಿತ್ರವನ್ನೇ ನೇರವಾಗಿ ಕೊಂಡು ಎರಡು ವರ್ಷ ಇಟ್ಟುಕೊಂಡು ಮಾರಿದರೆ ಹನ್ನೆರಡೂವರೆ. ಇದರ ನಡುವೆ 2022ರ ಜೂನ್ 30ರ ಒಂದು ಅಧಿಸೂಚನೆ ಇದೆ: ಎನ್‌ಎಫ್‌ಟಿ (ಒಂದು ವಸ್ತುವಿಗೆಂದೇ ಮಾಡಿದ ಟೋಕನ್) ಕೈ ಬದಲಾದಾಗ ಹಿಂದಿರುವ ನಿಜವಾದ ವಸ್ತುವಿನ ಮಾಲೀಕತ್ವವೂ ಕಾನೂನು ಪ್ರಕಾರ ಕೈ ಬದಲಾಗುವುದಾದರೆ ಅದು ಈ 30ರ ಪಟ್ಟಿಗೆ ಬರುವುದಿಲ್ಲ. ಹಾಗಾಗಿ ನಿಮ್ಮ ಸ್ನೇಹಿತನಿಗೆ ಒಂದೇ ಪ್ರಶ್ನೆ ಕೇಳಲು ಹೇಳಿ. 'ನನಗೆ ಯಾವ ತೆರಿಗೆ ಬೀಳುತ್ತದೆ?' ಅದಕ್ಕೆ ಅವರು ಕೊಡುವ ಉತ್ತರದಲ್ಲಿ ಅವನು ಕೊಂಡದ್ದು ಚಿತ್ರದ ಪಾಲೋ, ಕಂಪನಿಯ ಷೇರೋ, ಬರೀ ಚೀಟಿಯೋ ಗೊತ್ತಾಗುತ್ತದೆ.

ಅಗ್ರಹಾರದ ಮೊಮ್ಮಗ

ಸ್ನೇಹಿತನಿಂದ ಆ ಪ್ರಶ್ನೆ ಕೇಳಿಸಿದೆ. ಮೂರು ದಿನದ ಮೇಲೆ ಉತ್ತರ ಬಂತು: 'ದಯವಿಟ್ಟು ನಿಮ್ಮ ತೆರಿಗೆ ಸಲಹೆಗಾರರನ್ನು ಸಂಪರ್ಕಿಸಿ.' ಚಿತ್ರ ಈಗ ಎಲ್ಲಿದೆ, ಬಂದು ನೋಡಬಹುದಾ ಎಂದೂ ಕೇಳಿದ್ದ. ಭದ್ರತೆಯ ಕಾರಣಕ್ಕೆ ತಿಳಿಸುವುದಿಲ್ಲವಂತೆ. ಈಗ ಊಟದ ಹೊತ್ತಿಗೆ ಅವನು ಕ್ರಿಕೆಟ್ ಮಾತಾಡುತ್ತಿದ್ದಾನೆ.

ನನ್ನ ಐವತ್ತು ಸಾವಿರ ಉಳಿಯಿತು. ಇನ್ನು ಪಟ. ಇಬ್ಬರಿಗೆ ಫೋಟೊ ತೋರಿಸಿದೆ. ಒಬ್ಬರು 1.8 ಲಕ್ಷ ಎಂದರು, ಇನ್ನೊಬ್ಬರು ಆರು ಲಕ್ಷಕ್ಕೆ ಕಮ್ಮಿ ಕೊಡಬೇಡಿ ಎಂದರು. ದೊಡ್ಡ ಚಿಕ್ಕಪ್ಪ ಆರನ್ನೇ ಹಿಡಿದುಕೊಂಡಿದ್ದಾರೆ.

ಲೆಕ್ಕದ ಮೇಷ್ಟ್ರು

ಆರು ಎಂದವರು ಕೊಳ್ಳಲು ಸಿದ್ಧರಿದ್ದರಾ, ಬರೀ ಹೇಳಿದರಾ?

ಮತ್ತೊಂದು. ಪಟಕ್ಕೆ ನೂರು ವರ್ಷ ದಾಟಿದ್ದರೆ ಅದು 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಮರ, ಕಾಗದ, ಬಟ್ಟೆಯ ಮೇಲಿನ ಹಳೆಯ ಚಿತ್ರಗಳನ್ನು ಪುರಾತತ್ವ ಇಲಾಖೆಯ ನೋಂದಣಿ ಅಧಿಕಾರಿಯ ಬಳಿ ದಾಖಲಿಸಬೇಕು. ಮಾಲೀಕರು ಬದಲಾದರೆ ಅದನ್ನೂ ತಿಳಿಸಬೇಕು. ಹೊರದೇಶಕ್ಕೆ ನಾವು ಕಳಿಸುವಂತಿಲ್ಲ. ಅಂದರೆ ಆನ್‌ಲೈನ್‌ನಲ್ಲಿ ಪಾಲು ಮಾಡಿ ದುಬೈನವರಿಗೂ ಮಾರುವ ಮಾತು ಇಲ್ಲಿಗೇ ಮುಗಿಯಿತು. ಮೊದಲು ವಯಸ್ಸು ತಿಳಿದುಕೊಳ್ಳಿ. ಆ ಪೆನ್ಸಿಲ್ ಅಕ್ಷರ ಓದಿಸಿ.

ಐದು ಜನಕ್ಕೆ ಎಲ್‌ಎಲ್‌ಪಿ ಎಂಬ ಪಾಲುದಾರಿಕೆ ಸಂಸ್ಥೆ ಮಾಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಮೇ ತಿಂಗಳಿಗೊಂದು ಫಾರಂ, ಅಕ್ಟೋಬರಿಗೊಂದು ಫಾರಂ, ಪ್ರತಿ ವರ್ಷ. ಪಟಕ್ಕಿಂತ ಫೈಲು ಭಾರ ಆಗುತ್ತದೆ. ಒಂದು ಛಾಪಾ ಕಾಗದದ ಒಪ್ಪಂದ ಸಾಕು.

ಮಂಡ್ಯ ಆಲೆಮನೆ

ಬೆಲೆಯ ಜಗಳಕ್ಕೆ ನಮ್ಮಲ್ಲಿ ಹಳೆಯ ಮದ್ದು ಇದೆ. ಜಮೀನು ಭಾಗ ಮಾಡುವಾಗ ದೊಡ್ಡವನು ಪಾಲು ಹಾಕಬೇಕು, ಚಿಕ್ಕವನು ಮೊದಲು ಆರಿಸಬೇಕು. ಆಗ ದೊಡ್ಡವನು ಕಾಲುವೆ ಪಕ್ಕದ್ದೆಲ್ಲ ಒಂದು ಕಡೆ, ಚೌಳು ನೆಲ ಇನ್ನೊಂದು ಕಡೆ ಹಾಕುವುದಿಲ್ಲ. ತನಗೇ ಚೌಳು ಬಂದೀತು ಅಂತ ಭಯ.

ಹಸು ಒಂದೇ ಇದ್ದರೆ ಹೀಗೆ ಮಾಡುತ್ತೇವೆ. ಬೇರೆ ಆಗಬೇಕು ಅನ್ನುವವನು ಬೆಲೆ ಹೇಳಲಿ. ಆ ಬೆಲೆಗೆ ಅವನ ಪಾಲನ್ನು ನೀವು ಕೊಳ್ಳಬಹುದು, ಇಲ್ಲಾ ಅದೇ ಬೆಲೆಗೆ ನಿಮ್ಮ ಪಾಲನ್ನೆಲ್ಲ ಅವನೇ ಕೊಳ್ಳಬೇಕು. ಯಾವುದು ಅಂತ ಆರಿಸುವವರು ನೀವು. ನಿಮ್ಮ ಚಿಕ್ಕಪ್ಪನಿಗೆ ಇದನ್ನು ಹೇಳಿ ನೋಡಿ.

ಬೋಗಾದಿ ಬೈಟ್ಸ್

ಇದು ಸೂಪರ್. ಸ್ಮಾರ್ಟ್ ಕಾಂಟ್ರಾಕ್ಟ್‌ನಲ್ಲಿ, ಅಂದರೆ ಬ್ಲಾಕ್‌ಚೈನ್‌ನಲ್ಲಿ ತಾನಾಗೇ ನಡೆಯುವ ಒಪ್ಪಂದದಲ್ಲಿ, ಬರೆಯಬಹುದು.

ದೇವರಾಜ ಮಾರ್ಕೆಟ್ ಬಾಳೆಎಲೆ

ಬಿಡಿ ಗುರು ಅದನ್ನ.

ಬಣ್ಣದ ಡಬ್ಬಿ

ಒಪ್ಪಂದದಲ್ಲಿ ಮಾರುವ ಬೆಲೆ ಮಾತ್ರ ಬರೆಯಬೇಡಿ, ಕಾಪಾಡುವ ಖರ್ಚೂ ಬರಲಿ. ಯಾರ ಮನೆಯ ಗೋಡೆ, ಯಾರು ವರ್ಷಕ್ಕೊಮ್ಮೆ ಫೋಟೊ ತೆಗೆಯಬೇಕು, ದುರಸ್ತಿಗೆ ಯಾರು ಎಷ್ಟು. ಒಳಗೋಡೆ ಆಗಿರಲಿ, ಅಡುಗೆಮನೆ, ಬಚ್ಚಲಿನ ಹಿಂದಿನ ಗೋಡೆ ಬೇಡ. ಗೋಡೆಗೂ ಪಟಕ್ಕೂ ನಡುವೆ ಗಾಳಿ ಆಡಲು ಎರಡು ಮರದ ತುಂಡು ಇಡಿ. ದೀಪ ಹಚ್ಚುವುದಾದರೆ ಕೆಳಗೆ, ದೂರದಲ್ಲಿ.

ಮತ್ತೆ ಉಳಿದವರಿಗೂ ಒಂದು ಮಾತು. ನಿಜವಾಗಿ ಚಿತ್ರ ಕೊಳ್ಳುವ ಆಸೆ ಇದ್ದರೆ ಹತ್ತು ಸಾವಿರಕ್ಕೆ ಇಡೀ ಚಿತ್ರವೇ ಬರುತ್ತದೆ, ಚೂರು ಯಾಕೆ? ನನ್ನ ಮೊದಲ ಜಲವರ್ಣ 3,500ಕ್ಕೆ ಹೋಗಿತ್ತು. ಕೊಂಡವರು ಮೂವರು ಗೆಳತಿಯರು, ಒಂದೇ ಹಾಸ್ಟೆಲಿನವರು. ನಾಲ್ಕು ನಾಲ್ಕು ತಿಂಗಳು ಒಬ್ಬೊಬ್ಬರ ಬಳಿ ಇರುತ್ತದೆ. ಗಾಜು ಹಾಕಿದ ಕಾಗದದ ಚಿತ್ರ, ಹಾಗಾಗಿ ಓಡಾಡಿದರೆ ಪರವಾಗಿಲ್ಲ. ಮದುವೆಯಾಗಿ ಮೂರು ಊರಿಗೆ ಹೋದ ಮೇಲೂ ನಡೆಸುತ್ತಿದ್ದಾರೆ. ಬೆಲೆ ಏರಿದೆಯಾ ಎಂದು ಇವತ್ತಿನವರೆಗೆ ಕೇಳಿಲ್ಲ, ನನಗೆ ಸ್ವಲ್ಪ ಬೇಜಾರೇ!

ಹಾಂ, ಕೊಂಡ ಮಾತ್ರಕ್ಕೆ ಕಾಪಿರೈಟ್ ನಿಮ್ಮದಾಗುವುದಿಲ್ಲ, ಅದು ಬರೆದವರದು. ಮುದ್ರಿಸಿ ಮಗ್ ಮಾಡಿ ಮಾರುವ ಮುಂಚೆ ಕೇಳಿ.

ಸರಸ್ವತಿಪುರಂ ಟೀಚರ್

ಜರಿ ಯಾರು ಹೊಲಿದದ್ದು ಎಂದು ಅಕ್ಕನನ್ನು ಕೇಳಿದೆ. ನಮ್ಮ ಸೋದರತ್ತೆಯಂತೆ. ಅವರ ಮದುವೆಯ ಸೀರೆಯ ಅಂಚಂತೆ. ಇಷ್ಟು ವರ್ಷ ಗೊತ್ತೇ ಇರಲಿಲ್ಲ ನೋಡಿ.

ಅಗ್ರಹಾರದ ಮೊಮ್ಮಗ

ಎಲ್ಲರೂ ಕೇಳುತ್ತಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ.

ಭಾನುವಾರ ಚಿಕ್ಕತ್ತೆ ಮನೆಯಲ್ಲಿ ಸೇರಿದ್ದೆವು. ದೊಡ್ಡ ಚಿಕ್ಕಪ್ಪ ಬಂದವರೇ ತಮ್ಮ ಪಾಲು 1.2 ಲಕ್ಷ ಎಂದರು. ಆಲೆಮನೆಯವರ ಉಪಾಯ ಹೇಳಿದೆ: ಸರಿ, ಆ ಬೆಲೆಗೆ ನಾವು ನಾಲ್ವರೂ ನಮ್ಮ ಪಾಲು ಕೊಡುತ್ತೇವೆ, ನೀವೇ 4.8 ಲಕ್ಷ ಕೊಟ್ಟು ಪಟ ತಗೊಂಡು ಹೋಗಿ. ಅವರು ಮಾತಾಡಲಿಲ್ಲ. ಕಾಫಿ ತಣ್ಣಗಾಯಿತು. ಆಮೇಲೆ ನಿಧಾನಕ್ಕೆ ನಲವತ್ತು ಎಂದರು. ಅತ್ತೆ ಒಳಗಿನಿಂದಲೇ 'ಆಯ್ತು' ಎಂದರು. ನಾಲ್ಕು ಜನ ಹತ್ತು ಹತ್ತು ಸಾವಿರ ಹಾಕಿದೆವು.

ಪಟ ಇನ್ನು ಚಿಕ್ಕತ್ತೆ ಮನೆಯ ನಡುಮನೆಯಲ್ಲೇ ಇರುತ್ತದೆ. ವರ್ಷಕ್ಕೆ ತಲಾ ಮೂರು ಸಾವಿರ ಒಂದು ಖಾತೆಗೆ. ಯಾರು ಬಿಟ್ಟು ಹೋಗುವುದಾದರೂ ಇದೇ ಪದ್ಧತಿ, ಹೊರಗಿನವರಿಗೆ ಮಾರುವ ಮುಂಚೆ ಮನೆಯವರಿಗೆ ಆರು ತಿಂಗಳು ಸಮಯ. ಎಲ್ಲ ಬರೆದು ಸಹಿ ಮಾಡಿದ್ದೇವೆ. ಸಹಿ ಮಾಡುವಾಗ ದೊಡ್ಡ ಚಿಕ್ಕಪ್ಪ ಕೇಳಿದ್ದು ಒಂದೇ, 'ರಾಮನವಮಿಗೆ ಬಂದು ನೋಡಬಹುದಾ?' ಅತ್ತೆ ಬೈದರು, ಯಾವಾಗ ಬೇಡ ಅಂದೆ ಅಂತ.

ಪೆನ್ಸಿಲ್ ಅಕ್ಷರ ಓದಿಸಿದೆ. ಕಲಾವಿದರ ಹೆಸರು ಸಿಗಬಹುದು ಎಂದುಕೊಂಡಿದ್ದೆ. ಮರದ ಲೆಕ್ಕವಂತೆ: ಹಲಗೆ ಎಷ್ಟು, ಮೊಳೆ ಎಷ್ಟು, ಬಾಕಿ ನಾಲ್ಕಾಣೆ. ವರ್ಷ ಬರೆದಿಲ್ಲ. ಮೇಷ್ಟ್ರೇ, ವಯಸ್ಸು ತಿಳಿಯಲು ಇನ್ನೇನು ದಾರಿ ಎಂದು ನಿಮ್ಮನ್ನು ಬೇರೆಯಾಗಿ ಕೇಳುತ್ತೇನೆ.

ಬಣ್ಣದ ಡಬ್ಬಿಯವರು ಹೇಳಿಕೊಟ್ಟ ದುರಸ್ತಿಯವರು ಶನಿವಾರ ಬರುತ್ತಾರೆ. ಅಳತೆ ತೆಗೆದಿಟ್ಟಿರಿ ಎಂದಿದ್ದಾರೆ, ಆದರೆ ಸ್ಟೀಲಿನ ಟೇಪು ಹತ್ತಿರ ತರಬೇಡಿ, ನೂಲಿನ ದಾರದಲ್ಲಿ ಅಳೆಯಿರಿ ಅಂತೆ. ಅತ್ತೆ ಹೂ ಕಟ್ಟುವ ದಾರ ತೆಗೆದಿಟ್ಟಿದ್ದಾರೆ.